ಚನ್ನಪಟ್ಟಣದ ಹಿಡಿ

“ಎಲ್ಲೇ ಸಿಗ್ಲಿ ಸಾರ್, ಒಂದ್ಸಲ ಅದ್ರೊಳಗೆ ನಿಮ್ಮನ್ನ ಕೂರಿಸ್ತೀನಿ” ಎಂದು ಸೌಮ್ಯ ಮಾತು ಕೊಟ್ಟದ್ದು, ಫ್ಲೈಯಿಂಗ್ ಕ್ಲಬ್ಬಿನ ಹಳೇ ಎಚ್‌ಟಿ-2 ವಿಮಾನವನ್ನು ಗುಜರಿಯವರು ಲಾರಿಗೇರಿಸಿದ ದಿನ. ಅವಳಿಗೆ ಹಾರಲು ಕಲಿಸಿದ ಚಕ್ರಪಾಣಿಯವರು ಅಂದು ಲಾರಿಯ ಕಡೆ ತಿರುಗಿಯೂ ನೋಡಲಿಲ್ಲ.

ಎಷ್ಟೋ ವರ್ಷದ ಮೇಲೆ ಅದು ಸಿಕ್ಕಿದ್ದು ಜೆ.ಪಿ. ನಗರದ ಹೋಟೆಲೊಂದರಲ್ಲಿ, ಮಗಳು ಸಮನ್ವಿತಾಳನ್ನು ಯಾರದೋ ಬರ್ತ್‌ಡೇಗೆ ಕರೆದೊಯ್ದಾಗ. ರೆಕ್ಕೆಯಿಲ್ಲ, ಬಾಲವಿಲ್ಲ. ಕಾಕ್‌ಪಿಟ್ ಒಂದನ್ನೇ ಕತ್ತರಿಸಿ ತಂದು, ಗುಲಾಬಿ ಬಣ್ಣ ಬಳಿದು, ಫೋಟೊ ತೆಗೆಸಿಕೊಳ್ಳಲು ಇಟ್ಟಿದ್ದರು. ದಿಕ್ಸೂಚಿಯಿದ್ದ ತೂತಿನೊಳಗೆ ಬಾಯಿ ಒರೆಸಿದ ಟಿಶ್ಯೂ. ಸೀಟಿನ ಸಂದಿಯಲ್ಲಿ ಕಚ್ಚಿಬಿಟ್ಟ ಗೋಬಿ. ಎತ್ತರ ತೋರಿಸುವ ಗಡಿಯಾರದ ಮೇಲೆ ಅಗಿದು ಅಂಟಿಸಿದ ಚೂಯಿಂಗ್ ಗಮ್.

ಆದರೂ ಸೌಮ್ಯ ಹತ್ತಿ ಕೂತಳು. ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದು ಸ್ವಿಚ್ಚನ್ನೂ ಮುಟ್ಟಿಸಿ ಹೆಸರು ಹೇಳಿಸುವುದು ಚಕ್ರಪಾಣಿಯವರ ಪಾಠ. ಕಣ್ಣು ಮುಚ್ಚಿ ಎಡಗೈ ಚಾಚಿದಳು. ಕೆಚಪ್ಪಿನ ಅಂಟು, ಅದರಡಿಯಲ್ಲಿ ನುಣ್ಣನೆಯ ಮರದ ಗುಂಡು. ಎಂಜಿನ್ನಿನ ವೇಗ ಏರಿಳಿಸುವ ಥ್ರಾಟಲಿನ ಹಿಡಿ ಒಡೆದಾಗ ಅವರೇ ಚನ್ನಪಟ್ಟಣಕ್ಕೆ ಹೋಗಿ, ಬುಗುರಿ ಮಾಡುವವರ ಕೈಲಿ ಕಡೆಸಿ, ಕೆಂಪು ಅರಗು ಹಾಕಿಸಿ ತಂದದ್ದು. ಇನ್ನಾವ ವಿಮಾನಕ್ಕೂ ಇಂಥ ಹಿಡಿಯಿರಲಾರದು.

ಇಷ್ಟು ಗಲೀಜಾ ಎಂದು ಮ್ಯಾನೇಜರನ್ನು ಕೇಳಿದ್ದಕ್ಕೆ ಅವನು ನಕ್ಕ. “ಆಂಟಿ, ಮಕ್ಳು ಗಲೀಜು ಮಾಡ್ಲಿ ಅಂತಾನೇ ಅಲ್ವಾ ಇಟ್ಟಿರೋದು.”

ಇದನ್ನು ಆ ಮುದುಕರಿಗೆ ತೋರಿಸುವುದೋ ಬೇಡವೋ? ವಾರವೆಲ್ಲ ಅನ್ನ ಬಸಿಯುವಾಗಲೂ ಅದೇ ಯೋಚನೆ. ಕೊನೆಗೆ ಫೋನ್ ಮಾಡಿದಳು.

ಚಕ್ರಪಾಣಿಯವರು ಇಟ್ಟಮಡುವಿನ ಮನೆಯಿಂದ ಆಟೋದಲ್ಲಿ ಬಂದರು, ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು. ಸೌಮ್ಯ ಮೊದಲೇ ಬಂದು ಒದ್ದೆ ಬಟ್ಟೆಯಲ್ಲಿ ಕೈಲಾದಷ್ಟು ಉಜ್ಜಿದ್ದಳು. ಅಷ್ಟರಲ್ಲಿ ಯಾರೋ ಮಗುವಿಗೆ ಅದರಲ್ಲೇ ಐಸ್‌ಕ್ರೀಮ್ ತಿನ್ನಿಸಿ ಎಬ್ಬಿಸಿಕೊಂಡು ಹೋಗಿದ್ದರು. ಏನೂ ಹೇಳಿಕೊಡಬೇಡ ಎಂದು ಎಚ್ಚರಿಸಿ, ಅವಳ ಭುಜ ಹಿಡಿದು ಹತ್ತಿ ಕೂತು ಅವರು ಕಣ್ಣು ಮುಚ್ಚಿದರು.

ಎಡಗೈ ತಡಕಾಡಲಿಲ್ಲ, ನೆಟ್ಟಗೆ ಆ ಹಿಡಿಗೇ ಹೋಯಿತು. ಹೆಬ್ಬೆರಳು ಅದರ ಸುತ್ತ ಒಂದು ಸುತ್ತು ಮೆಲ್ಲಗೆ ತಿರುಗಿ ನಿಂತಿತು. ಆಮೇಲೆ ಬೆರಳು ಮೂಸಿ ನೋಡಿದರು. ಕರ್ಚೀಫು ತೆಗೆದು ಒಂದೊಂದೇ ಬೆರಳು ಒರೆಸಿಕೊಂಡರು. ಇಳಿದವರೇ ಆ ಕರ್ಚೀಫನ್ನು ಕಸದ ಬುಟ್ಟಿಗೆ ಹಾಕಿದರು.

“ಇದು ನಮ್ದಲ್ಲಮ್ಮ, ನಡಿ” ಎಂದರು. “ಕಾಫಿ ಬೇರೆ ಎಲ್ಲಾದ್ರೂ ಕುಡಿಯೋಣ.”

ಹೆಬ್ಬೆರಳು ತಿರುಗಿದ್ದನ್ನು ನೋಡಿದ್ದ ಸೌಮ್ಯ, “ಹೂಂ ಸಾರ್, ಅಲ್ಲ” ಎಂದಳು.

ಒಂದು ಸಲ ಅದರೊಳಗೆ ಅವರನ್ನು ಕೂರಿಸುತ್ತೇನೆ ಎಂದಿದ್ದಳು. ಕೂರಿಸಿದಳು.