ಕಂಬಳಿಯ ಬಲಮಗ್ಗುಲು

ಹಿತ್ತಲಲ್ಲಿ ಮೆಶಿನ್ ಗುರ್ ಎಂದದ್ದೇ ತಡ, ಗಂಡನ ಹೆಣದ ಪಕ್ಕ ಕೂತಿದ್ದವಳು ದಡಕ್ಕನೆ ಎದ್ದು ಓಡಿದಳು. ರಾತ್ರಿಯೆಲ್ಲ ಅತ್ತು ಸುಸ್ತಾದ ಹೆಂಗಸು ಹೀಗೆ ಓಡಿದ್ದನ್ನು ನೋಡಿ ನಡುಮನೆಯಲ್ಲಿ ಕೂತವರು ಕಣ್ಣು ಕಣ್ಣು ಬಿಟ್ಟರು.

ಹಿತ್ತಲಲ್ಲಿ ಮೈದುನ ನಾಯಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದಿದ್ದ. ಅವನ ಕೈಯಲ್ಲಿ ಸಲೂನಿನ ಟ್ರಿಮ್ಮರ್ ಇತ್ತು.

“ನಿಲ್ಸು! ಅದಕ್ಕೆ ಮೆಶಿನ್ ಮುಟ್ಟಿಸ್ಬೇಡ.”

“ಅತ್ತಿಗೆ, ಒಳಗೆ ನೋಡಿದ್ರಾ? ಅಣ್ಣನ ಮೇಲೆ ಹೊದಿಸಿರೋ ಬಿಳಿ ಬಟ್ಟೆ ತುಂಬಾ ಇದರ ಕೂದಲೇ. ಬಂದವರೆಲ್ಲ ಸೀನ್ತಾ ಇದಾರೆ. ಗಾಡಿ ಬರೋದ್ರೊಳಗೆ ಬೋಳಿಸಿಬಿಡ್ತೀನಿ. ಈ ಸೆಕೆಗೆ ಅದಕ್ಕೂ ಹಾಯಾಗಿರತ್ತೆ, ಪಾಪ.”

“ನಿಮ್ಮಣ್ಣ ಇದ್ದಿದ್ರೆ ಈ ಮಾತು ಆಡ್ತಿದ್ಯಾ?”

ಮೈದುನ ಪೆಚ್ಚಾಗಿ ಮೆಶಿನ್ ಆರಿಸಿದ. ಅಣ್ಣತಮ್ಮಂದಿರಿಬ್ಬರೂ ಒಂದೇ ಸಲೂನಿನಲ್ಲಿ ಕೆಲಸ ಮಾಡಿದವರು. ಊರವರ ತಲೆಗೆಲ್ಲ ಕತ್ತರಿ ಆಡಿಸಿದ ಅಣ್ಣ ಮನೆಯ ನಾಯಿಗೆ ಮಾತ್ರ ಕತ್ತರಿ ತೋರಿಸಿರಲಿಲ್ಲ. ಕುರಿ ಕಾಯುವ ಜಾತಿಯ ನಾಯಿ ಅದು, ಮೈಮೇಲೆ ಎರಡು ಪದರ ಕೂದಲು. ಒಳಗಿನದು ಹತ್ತಿಯ ಹಾಗೆ ಮೆತ್ತಗೆ, ಹೊರಗಿನದು ಉದ್ದ ಮತ್ತು ಒರಟು. ಹೊರಗಿನ ಕೂದಲೇ ಅದಕ್ಕೆ ಬಿಸಿಲಿನ ಕೊಡೆ, ಒಮ್ಮೆ ಬೋಳಿಸಿದರೆ ಮತ್ತೆ ಸರಿಯಾಗಿ ಬೆಳೆಯುತ್ತದೆಂಬ ಭರವಸೆಯಿಲ್ಲ, ಉದುರುವ ಕಾಲದಲ್ಲಿ ದಿನಾ ಬಾಚಿದರೆ ಸಾಕು ಎಂದು ಮರಿ ಕೊಟ್ಟುಹೋದ ಕುರಿಗಾಹಿ ಹೇಳಿದ್ದ. ಆ ಮಾತನ್ನು ಅಣ್ಣ ಒಂದು ದಿನವೂ ಮೀರಲಿಲ್ಲ. ಹೊದ್ದುಕೊಂಡು ಬಂದವನಂತೆ ಕಾಣುತ್ತಿದ್ದ ನಾಯಿಗೆ ಕಂಬಳಿ ಎಂದು ಹೆಸರಿಟ್ಟವನೂ ಅವನೇ.

ಇವತ್ತು ಕಂಬಳಿಯನ್ನು ನೋಡಿದರೆ ನಗು ಬರಬೇಕು, ಅಂಥ ಅವತಾರ. ಎಡಮಗ್ಗುಲು ನುಣ್ಣಗೆ ಹೊಳೆಯುತ್ತಿತ್ತು. ಬಲಮಗ್ಗುಲಲ್ಲಿ ಒಳಗೂದಲು ಹಳೇ ಹಾಸಿಗೆಯ ಹತ್ತಿಯಂತೆ ಕಿತ್ತು ಜೋತುಬಿದ್ದಿತ್ತು. ನಿನ್ನೆ ಸಂಜೆ ಎಡಗಡೆ ಮುಗಿಸಿ, “ಸ್ವಲ್ಪ ಸುಧಾರಿಸ್ಕೋತೀನಿ ಕಣೋ” ಎಂದು ನಾಯಿಗೆ ಹೇಳಿ ಗೋಡೆಗೆ ಒರಗಿದವನು ಮತ್ತೆ ಏಳಲೇ ಇಲ್ಲ.

“ಉಳಿದಿದ್ದು ನಾನು ಬಾಚ್ತೀನಿ. ಆ ಬಾಚಣಿಗೆ ಕೊಡು,” ಎಂದಳು.

“ಅಣ್ಣನಿಗೆ ಬಿಟ್ರೆ ಅದು ಯಾರಿಗೂ ಮೈ ಕೊಡಲ್ಲ ಅತ್ತಿಗೆ.”

“ನೋಡೋಣ ಕೊಡಪ್ಪ.”

ನಡುಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು. ಅಲ್ಲಿಂದ ಸಲೂನಿನ ಪಕ್ಕದ ಅಂಗಡಿಯ ದರ್ಜಿಯ ದನಿ ಕೇಳಿಸಿತು. “ಏನ್ ಮಾತು ಅಂತೀರಿ ಅವನದು! ಒಂದ್ಸಲ ನನ್ನ ಮೀಸೆ ಅರ್ಧ ತೆಗೆದು ಕತೆ ಹೇಳೋಕೆ ನಿಂತ. ಕೇಳ್ತಾ ಕೇಳ್ತಾ ನಾನೂ ಅರ್ಧ ಮೀಸೇಲೇ ಅಂಗಡಿಗೆ ವಾಪಸ್ ಬಂದ್ಬಿಟ್ಟಿದ್ದೆ!”

ಕೂತವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳ ಹೊಟ್ಟೆ ಉರಿಯಿತು. ಬೆಳಗಿನಿಂದ ಬಂದವರೆಲ್ಲ ಅವನು ತಮ್ಮೊಡನೆ ಆಡಿದ ಮಾತನ್ನೇ ಹೊತ್ತು ತಂದಿದ್ದರು.

*

ಅವನು ಮನೆ ಸೇರುವಷ್ಟರಲ್ಲಿ ಮಾತೆಲ್ಲ ಖರ್ಚಾಗಿರುತ್ತಿತ್ತು. ಕೇಳಿದ್ದಕ್ಕೆ ಹೂಂ, ಬಡಿಸಿದ್ದಕ್ಕೆ ಸಾಕು. ಮೊದಮೊದಲು ಅವಳು ಜಗಳವಾಡಿದಳು, ಆಮೇಲೆ ಅದಕ್ಕೇ ಒಗ್ಗಿಕೊಂಡಳು.

ನಾಯಿ ಬಂದ ಮೇಲೆ ಸಂಜೆ ಅಡುಗೆಮನೆಯ ಕಿಟಕಿಯ ಕೆಳಗೆ ಬಾಚಣಿಗೆ ಹಿಡಿದು ಕೂರತೊಡಗಿದ. ಅವನು ಕೂತದ್ದು ಕಂಡರೆ ಅವಳು ಪಾತ್ರೆಯನ್ನು ಅಲ್ಲೇ ಬಿಟ್ಟು, ಮೆಲ್ಲಗೆ ನಲ್ಲಿ ನಿಲ್ಲಿಸಿ, ಉಸಿರು ಬಿಗಿಹಿಡಿದು ನಿಲ್ಲುವಳು. ಅವನು ಹೊಟ್ಟೆಯ ಕೆಳಗಿಂದ ಶುರುಮಾಡಿ, ಕೂದಲನ್ನು ಪದರ ಪದರವಾಗಿ ಬಿಡಿಸುತ್ತ ಬೆನ್ನಿಗೆ ಬರುವನು. ಕಿವಿಯ ಹಿಂದಿನ ಗಂಟುಗಳನ್ನು ಬೆರಳಲ್ಲೇ ಬಿಡಿಸುವನು. ಬಾಯಿ ಮಾತಾಡುತ್ತಲೇ ಇರುತ್ತಿತ್ತು.

“ಇವತ್ತು ಉಪ್ಪು ಖಾರ ಎಲ್ಲ ಹದವಾಗಿತ್ತು ಕಣೋ ಕಂಬಳಿ.”

“ಆ ನೀಲಿ ಬಣ್ಣ ಅವಳಿಗೆ ಎಷ್ಟು ಚೆನ್ನಾಗಿ ಒಪ್ಪತ್ತೆ, ನೋಡಿದ್ಯೇನೋ?”

“ಮಂಡಿ ನೋವಿದೆ ಅವಳಿಗೆ. ಬಾಯ್ಬಿಟ್ಟು ಹೇಳಲ್ಲ. ನಾಳೆ ಔಷಧಿ ತರಬೇಕು.”

ಮರುದಿನ ಔಷಧಿ ಕಪಾಟಿನಲ್ಲಿರುತ್ತಿತ್ತು. ಅವನು ಹೇಳುತ್ತಿರಲಿಲ್ಲ, ಅವಳು ಕೇಳುತ್ತಿರಲಿಲ್ಲ. ಪಾತ್ರೆ ಹೆಚ್ಚಾಗಿ ನಲ್ಲಿ ನಿಲ್ಲಿಸುವುದು ತಡವಾದ ದಿನವೂ ಅವನ ಮೊದಲ ಮಾತು ಅವಳ ಕಿವಿಗೆ ಬೀಳದೆ ಹೋದದ್ದಿಲ್ಲ. ಅದು ತನ್ನ ಅದೃಷ್ಟ ಎಂದುಕೊಂಡಿದ್ದಳು. ತನ್ನದಲ್ಲದ ಮಾತನ್ನು ಕದ್ದು ಕೇಳುತ್ತಿದ್ದೇನೆಂಬ ನಾಚಿಕೆಯೂ ಇತ್ತು. ಒಂದೇ ಒಂದು ಸಲ ತನ್ನ ಮುಖ ನೋಡಿ ಹೇಳಲಿ ಎಂದು ಆಸೆಪಟ್ಟಷ್ಟು ಅವಳು ಜನ್ಮದಲ್ಲಿ ಬೇರೆ ಯಾವುದಕ್ಕೂ ಆಸೆಪಟ್ಟಿರಲಿಲ್ಲ.

*

“ಮಲ್ಕೋ ಕಂಬಳಿ, ಮಲ್ಕೋ ಮರಿ.”

ಕಂಬಳಿ ಮಲಗಲಿಲ್ಲ. ಬೆನ್ನು ಸವರಿದಳು, ಬಿಸ್ಕತ್ತು ತೋರಿಸಿದಳು, ಗದರಿಸಿಯೂ ನೋಡಿದಳು. ಬಾಚಣಿಗೆ ತಾಗಿದರೆ ಸಾಕು, ಸರಿದು ನಿಲ್ಲುತ್ತಿತ್ತು. ಕಿವಿ ನೆಟ್ಟಗೆ ಮಾಡಿ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿತ್ತು. ಒಳಗೆ ಮಗಳು ಬಂದವರ ಲೋಟಗಳನ್ನು ತೊಳೆಯುತ್ತಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು.

“ಆಗಲ್ಲ ಅತ್ತಿಗೆ, ಗಾಡಿಯವನು ಹೊರಟಿದಾನಂತೆ,” ಎಂದು ಮೈದುನ ಮತ್ತೆ ಮೆಶಿನ್ ಕೈಗೆತ್ತಿಕೊಂಡ. “ನೀವು ಒಳಗೆ ಹೋಗಿ. ನಾನು ನೋಡ್ಕೋತೀನಿ.”

“ಒಂದ್ನಿಮಿಷ ಇರು.”

ಅವಳಿಗೂ ಇನ್ನು ದಾರಿ ತೋಚಲಿಲ್ಲ. ಅಷ್ಟರಲ್ಲಿ ಲೋಟಗಳು ಮುಗಿದವು. ಮಗಳು ನಲ್ಲಿ ನಿಲ್ಲಿಸಿದಳು.

ಕಂಬಳಿ ಉಸ್ಸೆಂದು ಉಸಿರುಬಿಟ್ಟಿತು. ಬಾಚಿದ ಮಗ್ಗುಲನ್ನು ಕೆಳಗೆ ಹಾಕಿ ಮಲಗಿ, ಅವಳ ಪಾದದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು.

ಅವಳ ಕೈ ಬಾಚಣಿಗೆಯ ಜೊತೆ ಹಾಗೇ ನಿಂತಿತು. ನಿಂತ ನಲ್ಲಿಯನ್ನೂ ಮಲಗಿದ ನಾಯಿಯನ್ನೂ ಮತ್ತೆ ಮತ್ತೆ ನೋಡಿದಳು. ಇಷ್ಟು ವರ್ಷ ದಿನಾ ಸಂಜೆ ನಲ್ಲಿ ನಿಲ್ಲಲಿ ಎಂದು ಕಾಯುತ್ತಿದ್ದುದು ಈ ನಾಯಿಯೊಂದೇ ಆಗಿರಲಿಲ್ಲ.

“ಅಯ್ಯೋ ಮಾರಾಯ,” ಎಂದಳು, ನಡುಮನೆಯ ಕಿಟಕಿಯ ಕಡೆ ತಿರುಗಿ.

“ಏನಾಯ್ತು ಅತ್ತಿಗೆ?”

“ಏನಿಲ್ಲ. ಆ ಮೆಶಿನ್ ತಗೊಂಡು ಹೋಗು. ಹೋಗಿ ಒಳಗೆ ಎಲ್ಲರಿಗೂ ಸ್ವಲ್ಪ ಹೊತ್ತು ಸುಮ್ನಿರೋಕೆ ಹೇಳು.”

ಮೈದುನ ಏನೂ ತಿಳಿಯದೆ ಒಳಗೆ ಹೋದ. ದರ್ಜಿಯ ಕತೆ ಅರ್ಧಕ್ಕೇ ನಿಂತಿತು. ಕುರ್ಚಿಯೊಂದು ಕಿರುಗುಟ್ಟಿ ಅದೂ ಸುಮ್ಮನಾಯಿತು. ನಡುಮನೆಯ ತೆರೆದ ಕಿಟಕಿಯಿಂದ ಬಿಳಿ ಬಟ್ಟೆಯ ಒಂದು ಅಂಚು ಕಾಣುತ್ತಿತ್ತು.

ಅವಳು ಹೊಟ್ಟೆಯ ಕೆಳಗಿನ ಮೊದಲ ಪದರವನ್ನು ಬೆರಳಲ್ಲಿ ಬಿಡಿಸಿ, ಬಾಚಣಿಗೆ ಇಳಿಸಿದಳು.

“ಕೇಳಿಲ್ಲಿ ಕಂಬಳಿ,” ಎಂದಳು, ಆ ಕಿಟಕಿಗೆ ಕೇಳಿಸುವಷ್ಟು ಜೋರಾಗಿ.