ವಿಷಮಂಜಿನ ಗುರುತು

ಗಂಗುಲಪ್ಪನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಮೂಗನ್ನು ಕೆಡಿಸಿತ್ತು.

ಅದಕ್ಕೇ ಅಕ್ಕ ಭಾರತಮ್ಮ ಹೋಗುವಾಗ ಎರಡು ಸಲ ಹೇಳಿದ್ದಳು, ಟೊಮೆಟೊ ತೋಟದ ಅಂಚಿನ ಸಾಲಿನಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಡ, ಅಲ್ಲಿ ಔಷಧಿ ಹೊಡೆದಿರುತ್ತಾರೆ ಎಂದು. ರೇಷ್ಮೆಹುಳು ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲಿದ್ದವು. ಅದಕ್ಕೆ ಬೇಕಾದ ಬಿದಿರಿನ ಚಂದ್ರಿಕೆ ತರಲು ಅವಳು ಕ್ಯಾಲನೂರಿಗೆ ಹೊರಟಿದ್ದಳು. ಶ್ರೀನಿವಾಸಪುರದ ಅತ್ತೆಮನೆಯಲ್ಲಿ ಎರಡು ರೇಷ್ಮೆ ಬೆಳೆ ಕೆಟ್ಟಾಗ ಅವಳ ಕೈಗುಣ ಸರಿಯಿಲ್ಲವೆಂದು ತವರಿಗೆ ಕಳಿಸಿದ್ದರು. ಈ ಬೆಳೆ ಗೂಡು ಕಟ್ಟಿದರೆ ಬಂದು ಕರೆದುಕೊಂಡು ಹೋಗುತ್ತೇನೆಂದು ಗಂಡ ಅಶ್ವತ್ಥಪ್ಪ ಹೇಳಿಕಳಿಸಿದ್ದ.

ಅವಳು ಹೋದ ಮೇಲೆ ಕೋಲಾರದಿಂದ ಕೋದಂಡರಾಮಪ್ಪ ಬಂದ. ಇಬ್ಬರೂ ಕಾಲೇಜಿನ ಒಂದೇ ಹಾಸ್ಟೆಲಿನವರು, ರಜೆಗೆ ಊರಿಗೆ ಬಂದಿದ್ದರು. ಬೆಂಗಳೂರಿನ ನೆಂಟನೊಬ್ಬ ಕೊಟ್ಟ ಇಪ್ಪತ್ತು ಮುಖದ ದಾಳ, ಜೆರಾಕ್ಸ್ ಹಾಳೆ ಅವನ ಚೀಲದಲ್ಲಿದ್ದವು. ಆಟದಲ್ಲಿ ಕೋದಂಡರಾಮಪ್ಪ ಕಥೆ ಹೇಳಬೇಕು, ಗಂಗುಲಪ್ಪ ಅದರೊಳಗಿನ ಮಂತ್ರವಾದಿಯಾಗಬೇಕು. ಎದುರಾಳಿ ಮಂತ್ರ ಹಾಕಿದಾಗ ಕೈಸನ್ನೆ, ಸದ್ದು, ವಾಸನೆಯಿಂದ ಅದು ಯಾವುದೆಂದು ಗುರುತಿಸಿದರೆ ಮಾತ್ರ ತಡೆಯಬಹುದು, ಆಗಲೂ ದಾಳದಲ್ಲಿ ದೊಡ್ಡ ಸಂಖ್ಯೆ ಬೀಳಬೇಕು. ಗುರುತಿಸುವುದರಲ್ಲಿ ಹಾಸ್ಟೆಲಿನಲ್ಲಿ ಗಂಗುಲಪ್ಪನನ್ನು ಮೀರಿಸಿದವರಿರಲಿಲ್ಲ.

ಆಟದ ಆತುರಕ್ಕೆ ಅವನು ಹತ್ತಿರದ ಸಾಲಿನಲ್ಲೇ ಸೊಪ್ಪು ಕೊಯ್ದು ತಟ್ಟೆಗಳಿಗೆ ಹರಡಿದ. ಅದು ಟೊಮೆಟೊ ಅಂಚಿನ ಸಾಲು. ಹುಳು ಮೇಯುವ ಸದ್ದು ಮಳೆಯಂತೆ ಕೋಣೆ ತುಂಬಿತು. ಕೋದಂಡರಾಮಪ್ಪ ಅದನ್ನೇ ಕಥೆಗೆ ತೆಗೆದುಕೊಂಡ.

"ಗುಹೆ ಹೊರಗೆ ಮಳೆ. ಮಾಂತ್ರಿಕ ಎರಡೂ ಕೈ ಎತ್ತಿದ. ಏನೋ ಘಾಟು, ಮೂಗಿಗೆ ಹೊಡೀತೈತೆ. ನಿನ್ ಮೊಂಡು ಮೂಗಿಗೆ ಇದಾದ್ರೂ ಗೊತ್ತಾಯ್ತದಾ? ಯಾವ ಮಂತ್ರ ಹೇಳ್ಲಾ."

"ವಿಷಮಂಜು," ಎಂದ ಗಂಗುಲಪ್ಪ, ತಡಮಾಡದೆ.

ದಾಳ ಹದಿನೇಳು ಬಿತ್ತು. ಮಂಜು ಚದುರಿತು. ಗೆದ್ದ.

ಆಟ ಮುಂದುವರಿಯಿತು. ಸ್ವಲ್ಪ ಹೊತ್ತಾದ ಮೇಲೆ ಕೋದಂಡರಾಮಪ್ಪ ತಲೆಯೆತ್ತಿದ.

"ಮಳೆ ಸದ್ದು ಎಲ್ಲೋಯ್ತು?"

"ಗುಹೇಲಾ?"

"ಇಲ್ಲಿ ಕಣೋ."

ಹುಳುಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿ ತೂಗಾಡುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ಘಾಟು ನಿಜವಾಗಿಯೂ ಇತ್ತೇ ಎಂದು ಗಂಗುಲಪ್ಪ ಕೇಳಿದ. ಸೊಪ್ಪು ಹಾಕಿದಾಗಿನಿಂದ ಇತ್ತು, ಹುಳದ ವಾಸನೆಯೇ ಹಾಗೆ ಅಂದುಕೊಂಡೆ ಎಂದ ಕೋದಂಡರಾಮಪ್ಪ. ಅವನು ಪೇಟೆಯವನು.

ಸಂಜೆ ಭಾರತಮ್ಮ ಗಾಡಿಯಲ್ಲಿ ಚಂದ್ರಿಕೆ ತಂದಳು. ಒಂದು ಎಲೆ ತೆಗೆದು ಮೂಸಿದಳು. ತಮ್ಮ ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ.

"ನನ್ ಕೈಗುಣ ಅಂತಾನೇ ಅಂತಾರೆ ಬಿಡು," ಎಂದಳು.

ಅವನು ಶ್ರೀನಿವಾಸಪುರಕ್ಕೆ ಹೋಗಿ ತಪ್ಪು ತನ್ನದೆಂದ. ಅಶ್ವತ್ಥಪ್ಪನ ತಾಯಿ ನಂಬಲಿಲ್ಲ. ನಿಮ್ಮಕ್ಕ ಮುಟ್ಟಿದ್ದಕ್ಕೆಲ್ಲ ಮಾಟ ಹತ್ತುತ್ತದೆ ಎಂದಳು. ಮಾಟ ಯಾರದೆಂದು ಅವರು ಆಗಲೇ ಗುರುತು ಹಿಡಿದಾಗಿತ್ತು. ಅಶ್ವತ್ಥಪ್ಪ ಕರೆಯಲು ಬರಲೇ ಇಲ್ಲ.

ಆ ವರ್ಷ ಹಾಸ್ಟೆಲಿನ ತಗಡಿನ ಮಾಡಿನ ಮೇಲೆ ಮಳೆ ಹುಯ್ಯುವಷ್ಟು ಹೊತ್ತು ಗಂಗುಲಪ್ಪ ಓದುತ್ತಿದ್ದ. ಮಳೆ ನಿಂತರೆ ಎದ್ದು ನಿಲ್ಲುತ್ತಿದ್ದ. ಎಲೆ ಕಂಡಲ್ಲೆಲ್ಲ ಕಿತ್ತು ಮೂಸುತ್ತಿದ್ದ, ಏನೂ ತಿಳಿಯದಿದ್ದರೂ.

ಆಟದಲ್ಲಿ ಯಾರೂ ಸತ್ತಿರಲಿಲ್ಲ. ಹೋದದ್ದು ಹದಿನೆಂಟು ತಟ್ಟೆ ಹುಳು, ಒಂದು ಸಂಸಾರ.