ನೀಲಿ ಚೀಟಿಯ ಗ್ಲೌಸು

"ಅಕ್ಕ, ಕೈ ತೆಗೀಬೇಡಿ. ಇನ್ನೂ ಎರಡು ನಿಮಿಷ ಇದೆ," ಎಂದ ಸೂಪರ್‌ವೈಸರ್ ಗುರುರಾಜ್, ಮೊಬೈಲಿನಿಂದ ಕಣ್ಣೆತ್ತದೆ.

ಮಹಾದೇವಿಗೆ ಕೈ ತೆಗೆಯುವ ಯೋಚನೆಯೇ ಇರಲಿಲ್ಲ. ಗ್ಲೌಸು ತೊಟ್ಟ ಅವಳ ಬಲಗೈ ಮಣಿಕಟ್ಟಿನ ತನಕ ಐಸಿನ ನೀರಿನ ಟಬ್ಬಿನಲ್ಲಿತ್ತು. ಎದುರಿಗೆ ದಾನೇಶ್ವರಿ, ಅದೇ ಜೋಡಿಯ ಎಡಗೈಯದನ್ನು ತೊಟ್ಟು, ಅದೇ ಟಬ್ಬಿನಲ್ಲಿ ಕೈಯಿಟ್ಟು ಕೂತಿದ್ದಳು. ಬೊಮ್ಮನಹಳ್ಳಿಯ ಈ ಕಾರ್ಖಾನೆಯಲ್ಲಿ ಹೊಲಿದ ಗ್ಲೌಸು ಹೋಗುವುದು ಹಿಮ ಬೀಳುವ ದೇಶಗಳಿಗೆ. ಅಲ್ಲಿನ ಜನ ನಸುಕಿನಲ್ಲೆದ್ದು, ಸೊಂಟದುದ್ದ ನೀರಿಗಿಳಿದು, ಪ್ಲಾಸ್ಟಿಕ್ ಬಾತುಕೋಳಿ ತೇಲಿಬಿಟ್ಟು, ನಿಜವಾದವು ಬಂದಿಳಿಯುವ ತನಕ ಬಂದೂಕು ಹಿಡಿದು ಕಾಯುತ್ತಾರಂತೆ. "ಒಂದ್ ಬಾತುಕೋಳಿ ಹೊಡಿಯಾಕ ಇಷ್ಟೆಲ್ಲ ಸಿಂಗಾರ ಬೇಕೇನ್ರಿ ಸಾರ್?" ಎಂದು ಮಹಾದೇವಿ ಮೊದಲ ದಿನವೇ ಕೇಳಿ ಇಡೀ ಲೈನನ್ನು ನಗಿಸಿದ್ದಳು.

ಇವತ್ತು ನಗುವ ಹೊತ್ತಲ್ಲ. ಕೆಂಪು, ಹಳದಿ, ನೀಲಿ ಚೀಟಿ ಅಂಟಿಸಿದ ಮೂರು ನಮೂನೆ ಬಂದಿದ್ದವು. ಒಳಗಿನ ಬಟ್ಟೆ ಬೇರೆ ಬೇರೆ. ಯಾವುದನ್ನು ಹೊಲಿಯಬೇಕು ಅಂತ ಇವರಿಬ್ಬರೂ ತೊಟ್ಟು ನೋಡಿ ಮಧ್ಯಾಹ್ನದೊಳಗೆ ಹೇಳಬೇಕಿತ್ತು.

ನೀರು ಸೋರುತ್ತದೋ ಇಲ್ಲವೋ ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ತೊಡುವ ಮೊದಲು ಬೆರಳಿಗೆಲ್ಲ ವಿಭೂತಿ ಬಳಿದುಕೊಳ್ಳುತ್ತಿದ್ದಳು. ತೆಗೆದಾಗ ಬೆಳ್ಳಗೆ ಒಣಗಿದ್ದರೆ ಪಾಸು, ಕಲಸಿಹೋಗಿದ್ದರೆ ಫೇಲು. ಗುರುರಾಜನಿಗೆ ಅದು ಭಕ್ತಿಯಾಗಿ ಕಂಡಿತ್ತು. ಕಾಣಲಿ ಬಿಡಿ, ಅವಳೇನು ಬೇಡವೆಂದಳೆ?

ಆದರೆ ಬೆಚ್ಚಗಿದೆಯೋ ಇಲ್ಲವೋ ಎಂಬುದಕ್ಕೆ ವಿಭೂತಿ ಏನು ಮಾಡೀತು! ಸಕ್ಕರೆ ಕಾಯಿಲೆ ಅವಳ ಕೈಯ ಸ್ಪರ್ಶವನ್ನೇ ತಿಂದು ಆರು ತಿಂಗಳಾಗಿತ್ತು. ರೊಟ್ಟಿ ತಿರುವುವಾಗ ಹಂಚಿಗೆ ಬೆರಳು ತಗುಲಿದ್ದು ಗೊತ್ತಾದದ್ದು, ಸುಟ್ಟ ಚರ್ಮದ ವಾಸನೆ ಮೂಗಿಗೆ ಬಡಿದಾಗ. ಯಾರಿಗೂ ಹೇಳಿರಲಿಲ್ಲ. ಕಣ್ಣು ಮಂಜಾಯಿತೆಂದು ಬಾಯಿಬಿಟ್ಟ ಹೊಲಿಗೆಯ ಅಶ್ವತ್ಥಮ್ಮನಿಗೆ ಮಾರನೆಯ ದಿನವೇ ಬರಬೇಡಿ ಅಂದಿದ್ದರಲ್ಲ. ಕೂತು ಮಾಡುವ ಈ ಸ್ಟೂಲಿನ ಕೆಲಸ ಹೋದರೆ ದಿನವಿಡೀ ನಿಂತು ಮಾಡುವ ಕೆಲಸ ಅವಳ ಕಾಲಿಗಾಗದು. ಮನೆಯಲ್ಲಿ ಬೇರೆ ದುಡಿಯುವವರಿಲ್ಲ. ಅದಕ್ಕೇ ಅವಳು ದಾನೇಶ್ವರಿಯ ಮುಖ ನೋಡುತ್ತಿದ್ದಳು. ಹುಡುಗಿಯ ಭುಜ ಕುಗ್ಗಿದರೆ "ಥಂಡಿ ಐತ್ರಿ" ಅನ್ನುವುದು, ಮುಖ ಸಡಿಲವಿದ್ದರೆ "ಬೆಚ್ಚಗೈತಿ" ಅನ್ನುವುದು.

ಕೆಂಪು, ಹಳದಿಯವಕ್ಕೆ ದಾನೇಶ್ವರಿಯ ಭುಜ ಕುಗ್ಗಿತ್ತು. ಈಗ ತೊಟ್ಟಿದ್ದ ನೀಲಿ ಚೀಟಿಯದಕ್ಕೆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಇದ ಚಲೋ ಐತ್ರಿ ಸಾರ್. ಬೆಚ್ಚಗೈತಿ."

"ನಿಂದೇನಮ್ಮ?" ಎಂದ ಗುರುರಾಜ್.

"ಅಕ್ಕಾರು ಹೇಳಿದ್ದ ಖರೇರಿ," ಎಂದಳು ದಾನೇಶ್ವರಿ.

"ಸರಿ, ಇದೇ ಅಂತ ಮೇಲಕ್ಕೆ ಬರೆದು ಕಳಿಸ್ಬಿಡ್ತೀನಿ," ಎನ್ನುತ್ತ ಅವನು ತನ್ನ ಗಾಜಿನ ಕೋಣೆಗೆ ಹೋದ.

ದಾನೇಶ್ವರಿಗೆ ಗ್ಲೌಸು ಬಿಚ್ಚಲಾಗಲಿಲ್ಲ. ಬೆರಳು ಮಡಚುತ್ತಿರಲಿಲ್ಲ. ಮಹಾದೇವಿ ಹಿಡಿದೆಳೆದಳು. ಒಳಗಿಂದ ಬಂದ ಕೈ ಒಣಗಿಯೇ ಇತ್ತು, ಆದರೆ ಸುಣ್ಣದಷ್ಟು ಬಿಳುಚಿತ್ತು, ಉಗುರುಗಳು ನೀಲಿಗಟ್ಟಿದ್ದವು.

"ಯವ್ವಾ! ಇಷ್ಟು ಥಂಡಿ ಹತ್ತಿದ್ರ ಹೇಳಬಾರದೇನ?"

"ನೀವು ಕಲ್ಲಿನಂಗ ಕುಂತಿದ್ರಿ ಅಕ್ಕಾ. ನಾನ ನಾಜೂಕ ಅನ್ಕೊಂಡೆ. ನಿಮ್ಮ ಮಾರಿ ನೋಡ್ಕೋತ ತಡ್ಕೊಂಡೆ." ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಎಷ್ಟೋ ಸಲ ಹಂಗ ಮಾಡೀನ್ರಿ. ಹಿರೇರು ಸುಮ್ನಿದ್ದಾಗ ನಾ ಹೆಂಗ ಎದುರಾಡ್ಲಿ?"

ಮಹಾದೇವಿ ತನ್ನ ಗ್ಲೌಸನ್ನೂ ಕಿತ್ತು ಟಬ್ಬಿನ ಪಕ್ಕಕ್ಕಿಟ್ಟಳು. ತಾನು ಇವಳನ್ನು ನೋಡುವುದು, ಇವಳು ತನ್ನನ್ನು ನೋಡುವುದು! ಹಾಗಾದರೆ ಈ ಆರು ತಿಂಗಳು ಆ ನೀರಿನಲ್ಲಿ ಕೈಯಿಟ್ಟು ಹೇಳಿದವರು ಯಾರು? ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಸುಮ್ಮನಿದ್ದರೆ ಮಧ್ಯಾಹ್ನಕ್ಕೆ ಎಲ್ಲ ಮುಗಿದುಹೋಗುತ್ತದೆ, ಸ್ಟೂಲೂ ಉಳಿಯುತ್ತದೆ ಎಂದೂ ಅನ್ನಿಸದೆ ಇರಲಿಲ್ಲ. ಆದರೂ ಎದ್ದು, ಕಾಲೆಳೆಯುತ್ತ ಗಾಜಿನ ಕೋಣೆಗೆ ಹೋದಳು.

"ಕಳಿಸಬ್ಯಾಡ್ರಿ ಸಾರ್. ಆ ಗ್ಲೌಸು ಥಂಡಿ ಐತಿ."

"ಈಗ ತಾನೇ ಬೆಚ್ಚಗಿದೆ ಅಂದ್ರಲ್ಲಕ್ಕ?"

"ನನ್ನ ಕೈಗೆ ಏನೂ ಗೊತ್ತಾಗವಲ್ದ್ರಿ. ಆರು ತಿಂಗಳಾತು."

ಗುರುರಾಜ್ ಕುರ್ಚಿಯಿಂದ ಎದ್ದೇ ಬಿಟ್ಟ. "ಏನಕ್ಕ ಇದು? ನಿಮ್ಮ ಮಾತು ನಂಬ್ಕೊಂಡು ಎಷ್ಟು ಮಾಲು ಕಳಿಸಿದೀನಿ ಗೊತ್ತಾ? ನನ್ನ ಕೆಲಸಾನೂ ತೆಗೆದ್ರಲ್ರೀ!" ಆಮೇಲೆ ಹಣೆ ಒತ್ತಿಕೊಂಡು, ದನಿ ತಗ್ಗಿಸಿ, "ಹೋಗಿ, ಹೊರಗೆ ಕೂತಿರಿ. ಮೇಲಿನವರ ಹತ್ರ ಮಾತಾಡ್ಬೇಕು," ಎಂದ.

ಅವಳು ಹೊರಗೆ ಹೋಗಲಿಲ್ಲ. ಟಬ್ಬಿನ ಹತ್ತಿರ ಬಂದು, ದಾನೇಶ್ವರಿಯ ಕೈಯನ್ನು ತನ್ನೆರಡು ಅಂಗೈಗಳ ನಡುವೆ ಹಿಡಿದು ತಿಕ್ಕತೊಡಗಿದಳು. ಹೊಲಿಗೆಯ ಲೈನಿನವರು ತಲೆಯೆತ್ತಿ ನೋಡಿ ಮತ್ತೆ ಮಶೀನಿಗೆ ಬಾಗಿದರು.

"ಬೆಚ್ಚಗಾತೇನಬೇ?"

ದಾನೇಶ್ವರಿ ಅವಳ ಮುಖವನ್ನೇ ನೋಡಿದಳು.

"ನನ್ನ ಮಾರಿ ನೋಡಬ್ಯಾಡ. ಹೇಳು."

"ಇನ್ನೂ ಇಲ್ಲಕ್ಕಾ."

ಮಹಾದೇವಿ ಮತ್ತೆ ತಿಕ್ಕತೊಡಗಿದಳು.